ನಿಕಲ್ಲೋ, ಮಾಲಿಬ್ಡಿನಮ್ಮೋ? ಹೈಡ್ರೋಜನ್ ಎಲೆಕ್ಟ್ರೋಡ್ ಲೆಕ್ಕ ಹಾಕುವ ಉಚಿತ ಸಾಧನಗಳ ವಿಮರ್ಶೆ

ಎಲೆಕ್ಟ್ರೋಡ್ ತಯಾರಿಸಿ, ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ) ದ್ರಾವಣಕ್ಕೆ ಇಳಿಸಿ ಅಳೆಯುವ ಮೊದಲೇ ಈ ವಸ್ತು ನೀರಿನಿಂದ ಹೈಡ್ರೋಜನ್ ತೆಗೆಯಲು ಆಗಿಬರುತ್ತದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಾಧನಗಳು ಈಗ ಪುಕ್ಕಟೆ ಸಿಗುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳ ಪ್ರಾಜೆಕ್ಟು, ಪಿಎಚ್‌ಡಿ ಕೆಲಸಕ್ಕೆ ಇವು ಎಷ್ಟರ ಮಟ್ಟಿಗೆ ಉಪಯೋಗ ಎಂಬುದನ್ನು ಇಲ್ಲಿ ನೋಡಿದ್ದೇವೆ. ಮುಖ್ಯವಾಗಿ ಮೂರು: ಕ್ಯಾಟಲಿಸಿಸ್ ಹಬ್ ಎಂಬ ದತ್ತಾಂಶ ಭಂಡಾರ, ಓಪನ್ ಕ್ಯಾಟಲಿಸ್ಟ್ ಯೋಜನೆಯಿಂದ ಬಂದ ಮಷಿನ್ ಲರ್ನಿಂಗ್ ಮಾದರಿಗಳು, ಮತ್ತು ಕ್ವಾಂಟಮ್ ಎಸ್ಪ್ರೆಸ್ಸೊ ಎಂಬ ಕ್ವಾಂಟಮ್ ಲೆಕ್ಕದ ಪ್ರೋಗ್ರಾಂ ಹಾಗೂ ಅದಕ್ಕೆ ರಚನೆ ಕಟ್ಟಿಕೊಡುವ ಎಎಸ್‌ಇ ಎಂಬ ಪೈಥಾನ್ ಸಾಧನದ ಜೋಡಿ. ಮೆಟೀರಿಯಲ್ಸ್ ಪ್ರಾಜೆಕ್ಟ್ ಎಂಬ ಆನ್‌ಲೈನ್ ವಸ್ತು-ಗುಣಗಳ ಭಂಡಾರವೂ ನಡುವೆ ಒಮ್ಮೆ ಬಂದು ಹೋಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲಸಕ್ಕೆ ಬಾರದ ವಸ್ತುವನ್ನು ಬದಿಗೆ ಸರಿಸಲು ಮೂರೂ ನಂಬಿಕಸ್ತ. ಉಳಿದ ಎರಡು ಒಳ್ಳೆಯ ವಸ್ತುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ಮೂರೂ ಕೈಕೊಡುತ್ತವೆ. ನಮ್ಮ ಕಡೆ ಎಲ್ಲರೂ ಬಳಸುವ ನಿಕಲ್ ಮತ್ತು ಕೆಒಎಚ್ ವಿಷಯಕ್ಕೆ ಬಂದರಂತೂ ಇವು ಹೇಳುವುದು ಅರ್ಧ ಕಥೆ ಮಾತ್ರ.

ಇವೆಲ್ಲದರಿಂದ ಕೊನೆಗೆ ತೆಗೆಯುವುದು ಒಂದೇ ಸಂಖ್ಯೆ: ಹೈಡ್ರೋಜನ್ ಪರಮಾಣು ಆ ಮೇಲ್ಮೈಗೆ ಅಂಟುವ ಮುಕ್ತ ಶಕ್ತಿ, ಅಂದರೆ ಡೆಲ್ಟಾ ಜಿ ಎಚ್. ಜೋಳದ ರೊಟ್ಟಿ ಹಂಚಿಗೆ ಕಚ್ಚಿಕೊಂಡು ಕೂತರೂ ಕೆಟ್ಟಿತು, ತಾಗದೆ ಎದ್ದು ನಿಂತರೂ ಬೇಯುವುದಿಲ್ಲ. ಹೈಡ್ರೋಜನ್ನಿಗೂ ಅದೇ ಗತಿ. ಡೆಲ್ಟಾ ಜಿ ಸೊನ್ನೆಯ ಹತ್ತಿರ ಇದ್ದರೆ ಒಳ್ಳೆಯದು, ತೀರಾ ಋಣವಾದರೆ ಅಂಟಿ ಬಿಡುವುದಿಲ್ಲ, ತೀರಾ ಧನವಾದರೆ ಅಂಟುವುದೇ ಇಲ್ಲ. ಈ ಮಾತನ್ನು ಪಾರ್ಸನ್ಸ್ ಮತ್ತು ಗೆರಿಶರ್ 1958ರಲ್ಲೇ ಹೇಳಿದ್ದರು. ಟ್ರಸಾಟ್ಟಿ 1972ರಲ್ಲಿ ಲೋಹಗಳನ್ನೆಲ್ಲ ಒಂದೇ ನಕ್ಷೆಯಲ್ಲಿಟ್ಟು ಜ್ವಾಲಾಮುಖಿಯ ಆಕಾರ ತೋರಿಸಿದರು. ನೋರ್ಸ್ಕೋವ್ ಮತ್ತು ಜೊತೆಗಾರರು 2005ರಲ್ಲಿ ಅದೇ ನಕ್ಷೆಯನ್ನು ಕಂಪ್ಯೂಟರ್ ಲೆಕ್ಕದ ಮೇಲೆ ನಿಲ್ಲಿಸಿದರು. ಆ ಲೆಕ್ಕದಲ್ಲಿ ಪ್ಲಾಟಿನಂಗೆ ಸುಮಾರು ಮೈನಸ್ 0.09 ಇವಿ (ಎಲೆಕ್ಟ್ರಾನ್ ವೋಲ್ಟ್), ನಿಕಲ್ಲಿಗೆ ಮೈನಸ್ 0.27, ತಾಮ್ರಕ್ಕೆ ಪ್ಲಸ್ 0.19, ಚಿನ್ನಕ್ಕೆ ಪ್ಲಸ್ 0.45. ಯಾವ ಸಾಫ್ಟ್‌ವೇರ್ ಹಾಕಿಕೊಂಡರೂ ಮೊದಲು ಈ ನಾಲ್ಕನ್ನು ತೆಗೆದು ನೋಡಿ. ಅನುಕ್ರಮ ತಪ್ಪಿದರೆ ನಿಮ್ಮ ಹೊಸ ವಸ್ತುವಿನ ಲೆಕ್ಕಕ್ಕೆ ಕೈ ಹಾಕುವುದೇ ಬೇಡ.

ದೋಷದ ಅಂದಾಜು ಇಲ್ಲಿಯೇ ಗೊತ್ತಿರಲಿ. ಇಂಥ ಲೆಕ್ಕಗಳಲ್ಲಿ 0.1ರಿಂದ 0.2 ಇವಿ ಹೆಚ್ಚುಕಡಿಮೆ ಆಗುವುದು ಮಾಮೂಲು. 25 ಡಿಗ್ರಿಯಲ್ಲಿ ಪ್ರತಿ 0.059 ಇವಿಗೆ ವೇಗ ಹತ್ತು ಪಟ್ಟು ಬದಲಾಗುತ್ತದೆ ಎಂದು ಹಿಡಿದರೆ, 0.2 ಇವಿ ಅಂದರೆ ಎರಡು ಸಾವಿರ ಪಟ್ಟಿಗೂ ಮೇಲೆ. ಮೈನಸ್ 0.05 ಬಂದ ವಸ್ತು ಮೈನಸ್ 0.11 ಬಂದದ್ದಕ್ಕಿಂತ ಉತ್ತಮ ಎಂದು ಥೀಸಿಸ್ಸಿನಲ್ಲಿ ಬರೆದವರನ್ನು ವೈವಾದಲ್ಲಿ ಪರೀಕ್ಷಕರು ಹಿಡಿದು ಕೂರಿಸುವುದು ಇದೇ ಜಾಗದಲ್ಲಿ, ಮತ್ತು ಅವರು ಹಿಡಿಯುವುದು ಸರಿಯೇ.

ಮೊದಲನೆಯದು ಕ್ಯಾಟಲಿಸಿಸ್ ಹಬ್. ಸ್ಟ್ಯಾನ್‌ಫರ್ಡ್‌ನ ಸನ್‌ಕ್ಯಾಟ್ ತಂಡ ನಡೆಸುವ ಭಂಡಾರ, ಪ್ರಕಟವಾದ ಲೆಕ್ಕಗಳಿಂದ ತೆಗೆದ ಒಂದು ಲಕ್ಷಕ್ಕೂ ಹೆಚ್ಚು ಶಕ್ತಿಗಳು ಅದರಲ್ಲಿವೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್ ಸಾಕು. ಮೇಲ್ಮೈಯ ಹೆಸರು, ಅಂಟುವ ಕಣ ಹಾಕಿ ಹುಡುಕಿದರೆ ರಚನೆಯ ಫೈಲ್ ಸಮೇತ ಸಿಗುತ್ತದೆ. ನೀವು ಮಾಡಬೇಕೆಂದಿದ್ದ ಲೆಕ್ಕವನ್ನು ಬೇರೆಯವರು ಆಗಲೇ ಮಾಡಿಟ್ಟಿರುವುದು ಎಷ್ಟೋ ಸಲ ಇಲ್ಲಿ ಗೊತ್ತಾಗುತ್ತದೆ. ಒಂದು ಎಚ್ಚರ: ಪ್ರತಿ ಸಂಖ್ಯೆಯ ಪಕ್ಕ ಯಾವ ಫಂಕ್ಷನಲ್ (ಎಲೆಕ್ಟ್ರಾನುಗಳ ಶಕ್ತಿ ಅಂದಾಜಿಸುವ ಸೂತ್ರ) ಎಂದು ಬರೆದಿರುತ್ತದೆ, ಅದನ್ನು ಓದಿ. ಪಿಬಿಇ, ಆರ್‌ಪಿಬಿಇ ಅಂಥ ಎರಡು ಸೂತ್ರಗಳು. ಪಿಬಿಇ ಹೈಡ್ರೋಜನ್ನನ್ನು ಆರ್‌ಪಿಬಿಇಗಿಂತ ಬಿಗಿಯಾಗಿ ಅಂಟಿಸುತ್ತದೆ. ಒಂದು ಲೋಹದ ಪಿಬಿಇ ಸಂಖ್ಯೆಯನ್ನೂ ಇನ್ನೊಂದರ ಆರ್‌ಪಿಬಿಇ ಸಂಖ್ಯೆಯನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ ಆ ಗ್ರಾಫು ಹಾಳು. ಅಲ್ಲಿರುವುದು ಬಹುತೇಕ ಡೆಲ್ಟಾ ಇ (ಎಂಟ್ರೊಪಿ, ಕಂಪನ ಸೇರಿಸದ ಬರೀ ಶಕ್ತಿ), ಡೆಲ್ಟಾ ಜಿ ಅಲ್ಲ. ಲೋಹಗಳಾದರೆ 0.24 ಇವಿ ಕೂಡಿಸಿ: ಅದರಲ್ಲಿ 0.20 ಹೈಡ್ರೋಜನ್ ಅನಿಲ ಕಳೆದುಕೊಳ್ಳುವ ಎಂಟ್ರೊಪಿ, ಉಳಿದ 0.04 ಕಂಪನದ ಶಕ್ತಿ. ಮಾಲಿಬ್ಡಿನಮ್ ಡೈಸಲ್ಫೈಡಿನಂಥದ್ದರಲ್ಲಿ ಹೈಡ್ರೋಜನ್ ಗಂಧಕದ ಮೇಲೆ ಕೂರುತ್ತದೆ, ಆ ಬಂಧ ಗಟ್ಟಿಯಾಗಿ ಕಂಪಿಸುತ್ತದೆ. ಅಲ್ಲಿ ಕೂಡಿಸಬೇಕಾದದ್ದು 0.29ರ ಆಸುಪಾಸು.

ಎರಡನೆಯದು ಮಷಿನ್ ಲರ್ನಿಂಗ್ ಮಾದರಿಗಳು. ಮೆಟಾ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೇರಿ 2020ರಲ್ಲಿ ಓಸಿ20 ಎಂಬ ದತ್ತಾಂಶ ಹೊರತಂದವು. ಹನ್ನೆರಡು ಲಕ್ಷಕ್ಕೂ ಹೆಚ್ಚು ರಚನೆಗಳ ಲೆಕ್ಕ, 82 ಬಗೆಯ ಅಂಟುವ ಕಣಗಳು. ಅದರ ಮೇಲೆ ಕಲಿತ ಮಾದರಿಗಳು ಫೇರ್‌ಕೆಮ್ ಎಂಬ ಪೈಥಾನ್ ಪ್ಯಾಕೇಜಿನಲ್ಲಿ ಸಿಗುತ್ತವೆ. ಇತ್ತೀಚಿನದು 2025ರ ಯುಎಂಎ. ಹಗಿಂಗ್ ಫೇಸ್ ಎಂಬ ಮಾದರಿ ಹಂಚುವ ಜಾಲತಾಣದಲ್ಲಿ ಖಾತೆ ತೆರೆದು ಪರವಾನಗಿಗೆ ಒಪ್ಪಿಗೆ ಕೊಟ್ಟರೆ ಇಳಿಸಿಕೊಳ್ಳಬಹುದು. ಗೇಮಿಂಗ್ ಲ್ಯಾಪ್‌ಟಾಪಿನ ಜಿಪಿಯು ಇದ್ದರೆ ಸಾಕು, ಕ್ವಾಂಟಮ್ ಎಸ್ಪ್ರೆಸ್ಸೊ ಗಂಟೆಗಟ್ಟಲೆ ತಿನ್ನುವ ಕೆಲಸವನ್ನು ಇವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ನಿಮಿಷಗಳಲ್ಲಿ ಮುಗಿಸುತ್ತವೆ. ಇನ್ನೂರು ಮಿಶ್ರಲೋಹ ಜಾಲಾಡಬೇಕಿದ್ದರೆ ಬೇರೆ ದಾರಿಯೇ ಇಲ್ಲ.

ಆದರೆ ಓಸಿ20ರ ಲೆಕ್ಕಗಳಲ್ಲಿ ಸ್ಪಿನ್ (ಎಲೆಕ್ಟ್ರಾನಿನ ಕಾಂತಗುಣ) ಇಲ್ಲ. ನಿಕಲ್, ಕಬ್ಬಿಣ, ಕೋಬಾಲ್ಟ್ ಮೂರೂ ಕಾಂತೀಯ ಲೋಹಗಳು. ಕ್ಷಾರೀಯ ಎಲೆಕ್ಟ್ರೋಡಿನಲ್ಲಿ ಕೆಲಸ ಮಾಡುವವರು ದಿನಾ ಮುಟ್ಟುವುದು ಈ ಮೂರನ್ನೇ. ಓಸಿ20 ಕೆಲಸಕ್ಕೆಂದು ಕಲಿತ ಮಾದರಿ ನಿಕಲ್ಲನ್ನು ಅಯಸ್ಕಾಂತವೇ ಅಲ್ಲ ಎಂಬಂತೆ ಲೆಕ್ಕ ಹಾಕುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ತಾಮ್ರ, ಮಾಲಿಬ್ಡಿನಮ್‌ಗೆ ಇದರಿಂದ ತೊಂದರೆಯಿಲ್ಲ. ನಿಕಲ್-ಕಬ್ಬಿಣ ಮಿಶ್ರಲೋಹಗಳ ಪಟ್ಟಿ ಮಾಡುವವರು ಮಾತ್ರ ಇದರ ಸಂಖ್ಯೆಯನ್ನು ಮೊದಲ ಜರಡಿಗೆ ಬಳಸಬೇಕೇ ಹೊರತು ಗ್ರಾಫಿಗೆ ಹಾಕಬಾರದು. ನೀರಿನ ಪದರವೂ ಇದರಲ್ಲಿಲ್ಲ, ವಿದ್ಯುತ್ ವಿಭವವೂ ಇಲ್ಲ.

ಇನ್ನೊಂದು ಕಡೆ ಹೊಸಬರು ಎಡವುತ್ತಾರೆ. ಯುಎಂಎ ಕೊಡುವುದು ಒಟ್ಟು ಶಕ್ತಿ. ಅದರಿಂದ ಖಾಲಿ ಸ್ಲ್ಯಾಬಿನ (ಮೇಲ್ಮೈಯ ಪ್ರತಿನಿಧಿಯಾಗಿ ಕಟ್ಟುವ ಕೆಲವೇ ಪದರಗಳ ತುಂಡಿನ) ಶಕ್ತಿಯನ್ನೂ ಹೈಡ್ರೋಜನ್ನಿನ ಆಧಾರ ಶಕ್ತಿಯನ್ನೂ ಕಳೆಯಬೇಕು. ಓಸಿ20 ಪದ್ಧತಿಯಲ್ಲಿ ಒಂದು ಹೈಡ್ರೋಜನ್ ಪರಮಾಣುವಿಗೆ ಆಧಾರ ಮೈನಸ್ 3.477 ಇವಿ. ಹಳೆಯ ಮಾದರಿಗಳು ನೇರವಾಗಿ ಅಂಟುವ ಶಕ್ತಿಯನ್ನೇ ಕೊಡುತ್ತಿದ್ದವು. ಹಳೆಯ ಟ್ಯುಟೋರಿಯಲ್ ನೋಡಿ ಹೊಸ ಮಾದರಿ ಓಡಿಸಿದರೆ ನೂರಾರು ಇವಿಯ ಋಣ ಸಂಖ್ಯೆ ಬಂದು ಗಾಬರಿಯಾಗುವುದು ಇದಕ್ಕೇ. ಓಟ ಮುಗಿದ ಮೇಲೆ ರಚನೆಯನ್ನು ಕಣ್ಣಾರೆ ನೋಡುವುದನ್ನೂ ಬಿಡಬೇಡಿ. ಎಎಸ್‌ಇ ಜೊತೆ ಬರುವ ಚಿತ್ರದ ಕಿಟಕಿಯಲ್ಲಿ ತೆರೆದರೆ ಹೈಡ್ರೋಜನ್ ಇಟ್ಟ ಜಾಗದಿಂದ ಜಾರಿ ಪಕ್ಕದ ಕುಳಿಗೆ ಹೋಗಿರಬಹುದು, ಮೇಲ್ಮೈಯ ಒಳಗೇ ಇಳಿದಿರಬಹುದು, ಮೇಲ್ಪದರವೇ ಕದಲಿರಬಹುದು. ಮಾದರಿ ಇದಾವುದನ್ನೂ ನಿಮಗೆ ಕೂಗಿ ಹೇಳುವುದಿಲ್ಲ.

ಮೂರನೆಯದು, ನಮ್ಮ ಮಟ್ಟಿಗೆ ಅಸಲಿ ಸಾಮಾನು: ಕ್ವಾಂಟಮ್ ಎಸ್ಪ್ರೆಸ್ಸೊ. ಲೈಸೆನ್ಸಿಗೆ ರೊಕ್ಕ ಇಲ್ಲ, ಉಬುಂಟುವಿನಲ್ಲಿ ಸಲೀಸಾಗಿ ಕೂರುತ್ತದೆ. ಎಂಟು ಅಥವಾ ಹದಿನಾರು ಕೋರ್, 64 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪಿನಲ್ಲಿ ಸಣ್ಣ ಸ್ಲ್ಯಾಬುಗಳನ್ನು ಆರಾಮಾಗಿ ಓಡಿಸಬಹುದು.

ನಿಕಲ್ (111) ಮೇಲ್ಮೈಯನ್ನೇ, ಅಂದರೆ ಸ್ಫಟಿಕವನ್ನು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಕತ್ತರಿಸಿದ ಮುಖವನ್ನೇ, ಹಿಡಿದು ಹೇಳುತ್ತೇವೆ. ಮೊದಲು ಸ್ಫಟಿಕದ ಅಳತೆಯನ್ನು ನಿಮ್ಮದೇ ಫಂಕ್ಷನಲ್ಲಿನಲ್ಲಿ ಹುಡುಕಿ. ಪ್ರಯೋಗದ 3.52 ಆಂಗ್‌ಸ್ಟ್ರಮ್ಮನ್ನು ಹಾಗೇ ಹಾಕಿದರೆ ಸ್ಲ್ಯಾಬಿನಲ್ಲಿ ಸೆಳೆತ ಉಳಿದುಬಿಡುತ್ತದೆ. ಪ್ಲಾಟಿನಮ್ಮಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ: ಪ್ರಯೋಗದಲ್ಲಿ 3.92, ಪಿಬಿಇಯಲ್ಲಿ ಸುಮಾರು 3.97. ಆಮೇಲೆ ಎಎಸ್‌ಇಯಲ್ಲಿ ಎರಡಕ್ಕೆ ಎರಡರ ಸ್ಲ್ಯಾಬ್, ನಾಲ್ಕು ಪದರ, ಒಟ್ಟು ಹದಿನಾರು ಪರಮಾಣು. ಕೆಳಗಿನ ಎರಡು ಪದರ ಕಟ್ಟಿಹಾಕಿ, ಮೇಲಿನ ಎರಡನ್ನು ಬಿಡಿ. ಮೇಲೆ 15 ಆಂಗ್‌ಸ್ಟ್ರಮ್ ಖಾಲಿ ಜಾಗ. ಸೂಡೊಪೊಟೆನ್ಶಿಯಲ್ಲಿಗೆ (ಪರಮಾಣುವಿನ ಒಳ ಎಲೆಕ್ಟ್ರಾನುಗಳ ಬದಲಿಗೆ ಬಳಸುವ ಫೈಲಿಗೆ) ಎಸ್‌ಎಸ್‌ಎಸ್‌ಪಿ ಗ್ರಂಥಾಲಯ ಸಾಕು. ಲೆಕ್ಕದ ಸೂಕ್ಷ್ಮತೆ ಇನ್‌ಪುಟ್ಟಿನ ಈ ಅಂಕಿಗಳ ಮೇಲೆ ನಿಲ್ಲುತ್ತದೆ: ವೇವ್‌ಫಂಕ್ಷನ್ ಕಟ್‌ಆಫ್ 50 ರಿಡ್‌ಬರ್ಗ್, ಚಾರ್ಜಿಗೆ 400. ಕೆ-ಬಿಂದು 6×6×1. ಸ್ಮಿಯರಿಂಗಿಗೆ ಮರ್ಜಾರಿ-ವಾಂಡರ್‌ಬಿಲ್ಟ್, 0.02 ರಿಡ್‌ಬರ್ಗ್. ಸ್ಪಿನ್ ಎರಡು ಎಂದು ಹಾಕಿ, ಆರಂಭದ ಕಾಂತತ್ವವನ್ನು 0.5 ಕೊಡಿ. ಕೊನೆಯಲ್ಲಿ ಪ್ರತಿ ಪರಮಾಣುವಿಗೆ 0.6 ಬೋರ್ ಮ್ಯಾಗ್ನೆಟಾನಿನ ಸುತ್ತ ಬರಬೇಕು. ಸೊನ್ನೆ ಬಂದಿದ್ದರೆ ಆರಂಭದ ಕಾಂತತ್ವ ಕೊಡುವುದನ್ನು ಮರೆತಿದ್ದೀರಿ, ಇಲ್ಲವೇ ಲೆಕ್ಕ ತಪ್ಪು ಗುಂಡಿಗೆ ಬಿದ್ದಿದೆ. ಶಕ್ತಿ ಎಷ್ಟೇ ಚೆಂದ ಕಂಡರೂ ಅದನ್ನು ಬಿಸಾಡಿ.

ಹೈಡ್ರೋಜನ್ ಅಣುವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಲೆಕ್ಕ ಹಾಕಬೇಕು. 12 ಆಂಗ್‌ಸ್ಟ್ರಮ್ ಘನ, ಒಂದೇ ಕೆ-ಬಿಂದು, ಸ್ಲ್ಯಾಬಿಗೆ ಹಾಕಿದ ಕಟ್‌ಆಫ್ಫೇ ಇಲ್ಲಿಗೂ. ಬಂಧದ ಉದ್ದ 0.75, ಒಟ್ಟು ಶಕ್ತಿ ಮೈನಸ್ 2.33 ರಿಡ್‌ಬರ್ಗಿನ ಹತ್ತಿರ ಬಂದರೆ ಸರಿ ಇದೆ ಎಂದರ್ಥ. ಹೈಡ್ರೋಜನ್ನನ್ನು ಎಫ್‌ಸಿಸಿ ಕುಳಿ, ಎಚ್‌ಸಿಪಿ ಕುಳಿ, ಸೇತುವೆ, ತುದಿ ನಾಲ್ಕೂ ಜಾಗದಲ್ಲಿ ಇಟ್ಟು ನೋಡಿ, ಎಲ್ಲಕ್ಕಿಂತ ಕಡಿಮೆ ಶಕ್ತಿಯದ್ದನ್ನು ತೆಗೆದುಕೊಳ್ಳಿ. ಎರಡಕ್ಕೆ ಎರಡರ ಸ್ಲ್ಯಾಬಿನಲ್ಲಿ ಒಂದು ಹೈಡ್ರೋಜನ್ ಅಂದರೆ ಕಾಲು ಪದರ. ಪ್ಲಾಟಿನಮ್ಮಿನಂಥ ಲೋಹದಲ್ಲಿ ಕೆಲಸದ ಹೊತ್ತಿಗೆ ಮೇಲ್ಮೈ ಹೆಚ್ಚೂಕಡಿಮೆ ಪೂರ್ತಿ ತುಂಬಿರುತ್ತದೆ. ಆದ್ದರಿಂದ ಮೂರು ಇಟ್ಟು ನಾಲ್ಕನೆಯದನ್ನು ಸೇರಿಸಿದಾಗ ಶಕ್ತಿ ಎಷ್ಟು ಬದಲಾಯಿತು ಎಂಬ ಲೆಕ್ಕವೂ ಬೇಕು. ಇದನ್ನು ಬಿಟ್ಟ ವರದಿಗಳೇ ಹೆಚ್ಚು.

ತಪ್ಪುವುದು ಎಲ್ಲಿ? ಔಟ್‌ಪುಟ್ ಫೈಲ್ ತೆರೆದು "ಎಸ್ಟಿಮೇಟೆಡ್ ಎಸ್‌ಸಿಎಫ್ ಅಕ್ಯುರಸಿ" ಎಂಬ ಸಾಲುಗಳನ್ನು (ಪ್ರತಿ ಸುತ್ತಿನಲ್ಲಿ ಉಳಿದ ದೋಷದ ಅಂದಾಜು) ಮೇಲಿಂದ ಕೆಳಗೆ ನೋಡುತ್ತ ಬನ್ನಿ. ಆ ಸಂಖ್ಯೆ ಇಳಿಯುತ್ತ ಬರುವ ಬದಲು ಹತ್ತಿ ಇಳಿದು ಹತ್ತಿ ಇಳಿದು ಒಂದೇ ಕಡೆ ಸುತ್ತುತ್ತಿದ್ದರೆ ಚಾರ್ಜು ಸ್ಲ್ಯಾಬಿನ ಆ ಬದಿಯಿಂದ ಈ ಬದಿಗೆ ತೂಗಾಡುತ್ತಿದೆ. ಮಿಕ್ಸಿಂಗ್ ಬೀಟಾ, ಅಂದರೆ ಹೊಸ ಚಾರ್ಜನ್ನು ಹಳೆಯದಕ್ಕೆ ಬೆರೆಸುವ ಪ್ರಮಾಣ, ಮಾಮೂಲಿ 0.7 ಇರುತ್ತದೆ. ಅದನ್ನು 0.2ಕ್ಕೆ ಇಳಿಸಿ, ಮಿಕ್ಸಿಂಗ್ ವಿಧಾನವನ್ನು ಲೋಕಲ್-ಟಿಎಫ್ ಮಾಡಿ. ಬಹಳಷ್ಟು ಸಲ ಅಷ್ಟಕ್ಕೇ ದಾರಿಗೆ ಬರುತ್ತದೆ. ಒಂದೇ ಬದಿಗೆ ಹೈಡ್ರೋಜನ್ ಇಟ್ಟಾಗ ಎರಡು ಬದಿಗಳ ವಿದ್ಯುತ್ ಅಸಮತೋಲ ಸರಿಪಡಿಸಲು ಡೈಪೋಲ್ ತಿದ್ದುಪಡಿ ಹಾಕುತ್ತಾರೆ. ಆ ತಿದ್ದುಪಡಿ ಜಿಗಿಯುವ ಜಾಗ ಖಾಲಿ ಜಾಗದೊಳಗೇ ಬೀಳಬೇಕು. ಸ್ಲ್ಯಾಬನ್ನು ಪೆಟ್ಟಿಗೆಯ ನಡುವೆ ಇಡದೆ ತಳದಲ್ಲೇ ಬಿಟ್ಟು, ಬೇರೆಯವರ ಇನ್‌ಪುಟ್ಟಿನಿಂದ ಅಂಕಿಯನ್ನು ನಕಲು ಮಾಡಿದರೆ ಅದು ಲೋಹದ ನಡುವೆಯೇ ಬಂದು ಕೂರುತ್ತದೆ, ಫಲಿತಾಂಶ ಕಸ.

ವೇಗ ಬೇಕಾದರೆ ನಿಜವಾದ ಕೋರುಗಳ ಸಂಖ್ಯೆಯನ್ನಷ್ಟೇ ಎಂಪಿಐಗೆ (ಲೆಕ್ಕವನ್ನು ಕೋರುಗಳಿಗೆ ಹಂಚುವ ವ್ಯವಸ್ಥೆಗೆ) ಕೊಡಿ, ಹೈಪರ್‌ಥ್ರೆಡ್ ಎಣಿಸಬೇಡಿ. ಓಪನ್‌ಎಂಪಿ ಥ್ರೆಡ್ ಒಂದೇ ಇರಲಿ. ಕೆ-ಬಿಂದುಗಳನ್ನು ನಾಲ್ಕು ಪೂಲುಗಳಾಗಿ ಹಂಚಿದರೆ ಎಂಟು ಕೋರಿನ ಯಂತ್ರದಲ್ಲೂ ಫರಕು ಕಾಣುತ್ತದೆ. ವಿಜಯಪುರದ ಏಪ್ರಿಲ್–ಮೇ ಬಿಸಿಲಿನಲ್ಲಿ ಎಸಿ ಇಲ್ಲದ ಲ್ಯಾಬಿನಲ್ಲಿ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸಾಫ್ಟ್‌ವೇರ್ ನಿಧಾನ ಎನ್ನುವ ಮೊದಲು ಕ್ಯಾಬಿನೆಟ್ಟಿನ ಫ್ಯಾನು, ಧೂಳು ನೋಡಿ. ಕರೆಂಟಿನ ವಿಷಯ ಅದಕ್ಕಿಂತ ಮುಖ್ಯ. ಇನ್‌ಪುಟ್ಟಿನಲ್ಲಿ ಮ್ಯಾಕ್ಸ್-ಸೆಕೆಂಡ್ಸ್ ಎಂಬ ಸಾಲು ಹಾಕಿದರೆ ಅಷ್ಟು ಹೊತ್ತಾದ ಮೇಲೆ ಲೆಕ್ಕ ತಾನಾಗಿ ಉಳಿಸಿಕೊಂಡು ನಿಲ್ಲುತ್ತದೆ, ಮುಂದೆ ರಿಸ್ಟಾರ್ಟ್ ಎಂದು ಕೊಟ್ಟು ಅಲ್ಲಿಂದ ಎತ್ತಿಕೊಳ್ಳಬಹುದು. ಕರೆಂಟು ಹೋಗಿ ಯುಪಿಎಸ್ ಕೂಗುತ್ತಿದ್ದರೆ, ಇನ್‌ಪುಟ್ಟಿನಲ್ಲಿ ಕೊಟ್ಟ ಪ್ರಿಫಿಕ್ಸ್ ಹೆಸರು, ಅದರ ಕೊನೆಗೆ ಚುಕ್ಕೆ, ಆಮೇಲೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಎಕ್ಸಿಟ್ (EXIT) ಎಂಬ ಹೆಸರಿನ ಖಾಲಿ ಫೈಲೊಂದನ್ನು ಲೆಕ್ಕ ಓಡುತ್ತಿರುವ ಫೋಲ್ಡರಿನಲ್ಲಿ ಮಾಡಿ. ಪ್ರೋಗ್ರಾಂ ಆ ಸುತ್ತು ಮುಗಿಸಿ ಸರಿಯಾಗಿ ನಿಲ್ಲುತ್ತದೆ. ಪ್ಲಗ್ ಕಿತ್ತಂತೆ ನಿಂತ ಲೆಕ್ಕವನ್ನು ಮುಂದುವರಿಸಲು ಹೋದರೆ ಬಹುಪಾಲು ಮೊದಲಿನಿಂದಲೇ ಶುರು ಮಾಡಬೇಕಾಗುತ್ತದೆ.

ಮೆಟೀರಿಯಲ್ಸ್ ಪ್ರಾಜೆಕ್ಟಿನಿಂದ ಬೇಕಾದದ್ದು ಮುಖ್ಯವಾಗಿ ಒಂದೇ, ಪೋರ್ಬೆ ನಕ್ಷೆ. ನಿಮ್ಮ ವಸ್ತು ಪಿಎಚ್ 14ರಲ್ಲಿ, ಹೈಡ್ರೋಜನ್ ಬರುವ ವಿಭವದಲ್ಲಿ ಉಳಿಯುತ್ತದೋ ಕರಗುತ್ತದೋ ಎಂದು ಉಚಿತ ಖಾತೆಯಲ್ಲೇ ನೋಡಬಹುದು. ಗ್ರೀಲಿ ಮತ್ತು ಜೊತೆಗಾರರು 2006ರಲ್ಲಿ 736 ಜೋಡಿ-ಲೋಹದ ಮೇಲ್ಮೈಗಳನ್ನು ಹೀಗೆ ಲೆಕ್ಕದಲ್ಲಿ ಜರಡಿ ಹಿಡಿದಾಗ ಚಟುವಟಿಕೆಯ ಜೊತೆಗೆ ಸ್ಥಿರತೆಯನ್ನೂ ಪರೀಕ್ಷಿಸಿದ್ದರು. ಕೊನೆಗೆ ಬಿಸ್ಮತ್-ಪ್ಲಾಟಿನಂ ಮೇಲ್ಮೈ ಆರಿಸಿ, ಮಾಡಿ, ಪ್ಲಾಟಿನಮ್ಮಿಗಿಂತ ಒಳ್ಳೆಯದು ಎಂದು ಅಳೆದು ತೋರಿಸಿದರು. ಡೆಲ್ಟಾ ಜಿ ಮಾತ್ರ ನೋಡಿ ಸ್ಥಿರತೆ ನೋಡದವರು ನೀರಿನಲ್ಲಿ ಕರಗುವ ವಸ್ತುವಿಗೆ ಪದಕ ಕೊಡುತ್ತಾರೆ.

ಇನ್ನು ಈ ಸಾಧನಗಳು ಒಟ್ಟಾಗಿ ಕೈಬಿಡುವ ಜಾಗ. ಮೇಲೆ ಹೇಳಿದ ಜ್ವಾಲಾಮುಖಿ ನಕ್ಷೆ ಆಮ್ಲಕ್ಕೆ ಹೊಂದುತ್ತದೆ. ಅಲ್ಲಿ ಪ್ರೋಟಾನು ತಯಾರಾಗಿ ಕಾದಿರುತ್ತದೆ. ಕ್ಷಾರದಲ್ಲಿ ನೀರಿನ ಅಣುವನ್ನೇ ಮುರಿದು ಹೈಡ್ರೋಜನ್ ತೆಗೆಯಬೇಕು. ಅದಕ್ಕೇ ಅದೇ ಪ್ಲಾಟಿನಂ ಕ್ಷಾರದಲ್ಲಿ ಆಮ್ಲಕ್ಕಿಂತ ನೂರು ಪಟ್ಟಿನಷ್ಟು ನಿಧಾನ, ಡೆಲ್ಟಾ ಜಿ ಹಾಗೇ ಇದ್ದರೂ. ಪ್ಲಾಟಿನಮ್ಮಿನ ಮೇಲೆ ನಿಕಲ್ ಹೈಡ್ರಾಕ್ಸೈಡಿನ ಚುಕ್ಕೆಗಳನ್ನಿಟ್ಟರೆ ಕ್ಷಾರದಲ್ಲಿ ವೇಗ ಹಲವು ಪಟ್ಟು ಏರುತ್ತದೆ ಎಂದು 2011ರಲ್ಲಿ ತೋರಿಸಿದ್ದಾರೆ. ಹೈಡ್ರಾಕ್ಸೈಡ್ ಅಲ್ಲಿ ನೀರು ಮುರಿಯುವ ಕೆಲಸ ಮಾಡುತ್ತದೆ. ಇದು ಡೆಲ್ಟಾ ಜಿ ಎಂಬ ಒಂದೇ ಅಂಕಿಗೆ ಸಿಗುವಂಥದ್ದಲ್ಲ. ವಿಜಯಪುರ ಜಿಲ್ಲೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ 800 ಮೆಗಾವ್ಯಾಟ್ ಘಟಕಗಳಂಥ ದೊಡ್ಡ ಜನರೇಟರುಗಳನ್ನು ತಂಪಾಗಿಡಲು ಹೈಡ್ರೋಜನ್ ಬಳಸುವುದು ರೂಢಿ. ಅಂಥ ಸ್ಥಾವರಗಳಲ್ಲಿ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯುವ ಎಲೆಕ್ಟ್ರೊಲೈಸರ್ ಸಾಮಾನ್ಯವಾಗಿ ಕೆಒಎಚ್ ತುಂಬಿದ, ನಿಕಲ್ ಲೇಪದ ಉಕ್ಕಿನದು. ಈ ಕಡೆ ಕೆಲಸ ಮಾಡುವವರಿಗೆ ಆಮ್ಲದ ನಕ್ಷೆ ಒಂದೇ ಸಾಲದು, ನೀರು ಮುರಿಯಲು ದಾಟಬೇಕಾದ ಶಕ್ತಿಯ ತಡೆಯನ್ನೂ ನಡ್ಜ್ಡ್ ಎಲಾಸ್ಟಿಕ್ ಬ್ಯಾಂಡ್ ಎಂಬ ವಿಧಾನದಲ್ಲಿ ಲೆಕ್ಕ ಹಾಕಬೇಕು. ಅದು ಕ್ವಾಂಟಮ್ ಎಸ್ಪ್ರೆಸ್ಸೊದಲ್ಲಿ ಆಗುತ್ತದೆ, ಆದರೆ ಸಮಯ ಹತ್ತಾರು ಪಟ್ಟು.

ಲೆಕ್ಕದ ನಿಕಲ್ಲಿಗೂ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಕಡೆ ಪ್ಲೇಟಿಂಗ್ ಮಾಡಿಸಿಕೊಂಡು ತರುವ ನಿಕಲ್ಲಿಗೂ ಬಹಳ ಅಂತರವಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕನ್ನಡಿಯಂತೆ ಹೊಳೆಯುವ ಬ್ರೈಟ್ ನಿಕಲ್ ಬಾತ್‌ಗೆ ಸ್ಯಾಕರಿನ್ ಥರದ ಹೊಳಪುಕಾರಕ ಹಾಕಿರುತ್ತಾರೆ. ಅದರ ಗಂಧಕ ಲೇಪದೊಳಗೆ ಸೇರುತ್ತದೆ, ತೂಕದಲ್ಲಿ ಶೇ. 0.05ರ ಆಸುಪಾಸು. ಆ ಮೇಲ್ಮೈ ನೀವು ಲೆಕ್ಕ ಹಾಕಿದ ಶುದ್ಧ ನಿಕಲ್ ಅಲ್ಲ, ನಿಕಲ್-ಸಲ್ಫರ್ ಮಿಶ್ರಣ. ಹೋಲಿಕೆ ಮಾಡಬೇಕಿದ್ದರೆ ಹೊಳಪುಕಾರಕ ಇಲ್ಲದ ವಾಟ್ಸ್ ಬಾತ್ ಎಂಬ ಲೇಪನ ದ್ರಾವಣ ಕೇಳಿ: ಲೀಟರಿಗೆ ನಿಕಲ್ ಸಲ್ಫೇಟ್ 250ರಿಂದ 300 ಗ್ರಾಂ, ನಿಕಲ್ ಕ್ಲೋರೈಡ್ 45ರಿಂದ 60, ಬೋರಿಕ್ ಆಸಿಡ್ 30ರಿಂದ 40, ಪಿಎಚ್ 4ರ ಹತ್ತಿರ, 50ರಿಂದ 60 ಡಿಗ್ರಿ. ಮಂಕಾಗಿ ಬಂದರೆ ಅದೇ ಸರಿಯಾದದ್ದು.

ನೀರಿನ ವಿಷಯಕ್ಕೂ ಇದೇ ಮಾತು. ವಿಜಯಪುರ, ಬಾಗಲಕೋಟೆಯ ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ಗೊತ್ತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಯಾಥೋಡಿನ ಮೇಲೆ ಬಿಳಿ ಪದರವಾಗಿ ಕೂರುತ್ತವೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರೂ ನಂಬುವಂಥದ್ದಲ್ಲ, ವಾಹಕತೆ ಅಳೆಯಿರಿ, 18.2 ಮೆಗಾಓಮ್ ಸೆಂಟಿಮೀಟರ್ ರೋಧಕತೆಯ ಅತಿಶುದ್ಧ ನೀರು ಸಿಕ್ಕರೆ ಒಳ್ಳೆಯದು. ಅಗ್ಗದ ಕೆಒಎಚ್‌ನಲ್ಲಿರುವ ಕಬ್ಬಿಣ ನಿಧಾನಕ್ಕೆ ಕ್ಯಾಥೋಡಿನ ಮೇಲೆ ಕೂತು ಕರೆಂಟನ್ನು ಬದಲಿಸುತ್ತದೆ.

ಅಳೆಯುವಾಗ ಕೌಂಟರ್ ಎಲೆಕ್ಟ್ರೋಡಾಗಿ ಪ್ಲಾಟಿನಂ ತಂತಿ ಹಾಕಬೇಡಿ, ಗ್ರಾಫೈಟ್ ರಾಡ್ ಹಾಕಿ. ಪ್ಲಾಟಿನಂ ಕರಗಿ ನಿಮ್ಮ ವಸ್ತುವಿನ ಮೇಲೆ ಕೂತರೆ ಸೈಕಲ್ ಮಾಡಿದಷ್ಟೂ ಕರೆಂಟು ಏರುತ್ತ ಹೋಗುತ್ತದೆ, ಆ ಏರಿಕೆಯ ಶ್ರೇಯ ನಿಮ್ಮ ವಸ್ತುವಿಗೆ ಸಲ್ಲುವುದಿಲ್ಲ. ಮರ್ಕ್ಯುರಿ ಆಕ್ಸೈಡ್ ರೆಫರೆನ್ಸ್ ಎಲೆಕ್ಟ್ರೋಡಿನ ಅಳತೆಯನ್ನು ಆರ್‌ಎಚ್‌ಇಗೆ (ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆ ಎಂದಿಟ್ಟ ಅಳತೆಗೆ) ಬದಲಿಸಲು 1 ಮೋಲಾರ್ ಕೆಒಎಚ್‌ನಲ್ಲಿ ಸುಮಾರು 0.92 ವೋಲ್ಟ್ ಕೂಡಿಸುವುದು ವಾಡಿಕೆ. ಹೈಡ್ರೋಜನ್ ಬಿಟ್ಟುಕೊಂಡು ಪ್ಲಾಟಿನಮ್ಮಿನ ಮೇಲೆ ಒಮ್ಮೆ ಖುದ್ದು ಅಳೆದು ನೋಡಿದರೆ ಇನ್ನೂ ಭದ್ರ. ನಿಕಲ್ ಫೋಮಿನ ಮೇಲೆ 10 ಮಿಲಿಆಂಪ್ ಬೇಗ ಬಂದರೆ ಅದಕ್ಕೆ ಫೋಮಿನ ವಿಸ್ತೀರ್ಣವೂ ಕಾರಣ. ಡೆಲ್ಟಾ ಜಿ ಒಂದು ಪರಮಾಣು-ಜಾಗದ ಗುಣ, ಆದ್ದರಿಂದ ಡಬಲ್-ಲೇಯರ್ ಕೆಪಾಸಿಟನ್ಸಿನಿಂದ ನಿಜವಾದ ವಿಸ್ತೀರ್ಣ ಕಂಡುಕೊಂಡು, ಕರೆಂಟನ್ನು ಅದರಿಂದ ಭಾಗಿಸಿದ ಮೇಲೆಯೇ ಲೆಕ್ಕದೊಡನೆ ಹೋಲಿಸಿ.

ಯಾರಿಗೆ ಯಾವುದು? ಎಂಎಸ್ಸಿ ಪ್ರಾಜೆಕ್ಟಿಗೆ ಕ್ಯಾಟಲಿಸಿಸ್ ಹಬ್ ಮತ್ತು ನಾಲ್ಕೈದು ಲೋಹಗಳ ಕ್ವಾಂಟಮ್ ಎಸ್ಪ್ರೆಸ್ಸೊ ಲೆಕ್ಕ ಸಾಕು, ಜಿಪಿಯು ಬೇಡ. ಮಿಶ್ರಲೋಹ ಹುಡುಕುವ ಪಿಎಚ್‌ಡಿಯವರು ಯುಎಂಎಯಲ್ಲಿ ಜರಡಿ ಹಿಡಿದು, ಉಳಿದ ಹತ್ತನ್ನು ಸ್ಪಿನ್ ಸಮೇತ ಕ್ವಾಂಟಮ್ ಎಸ್ಪ್ರೆಸ್ಸೊದಲ್ಲಿ ಮತ್ತೆ ಹಾಕಲಿ. ಎಲೆಕ್ಟ್ರೋಡ್ ಮಾಡಿ ಮಾರಬೇಕೆನ್ನುವವರು ರೊಕ್ಕವನ್ನು ಮೊದಲು ಎಲೆಕ್ಟ್ರೋಡಿನ ವಿಭವ ಹಿಡಿದಿಟ್ಟು ಕರೆಂಟು ಅಳೆಯುವ ಪೊಟೆನ್ಶಿಯೊಸ್ಟ್ಯಾಟಿಗೆ ಹಾಕಲಿ, ಸರ್ವರ್ ಆಮೇಲೆ.